ತೂತು ಲೋಹ, ಗಟ್ಟಿ ಬೆನ್ನು

ಡಾಕ್ಟರು ನಮ್ಮ ಚಿಕ್ಕಮ್ಮನ ಅಂಗೈ ಮೇಲೆ ಇಟ್ಟ ವಸ್ತು ಎರಡು ಬೀಜದ ಒಂದು ಕಡಲೆಕಾಯಿಯಷ್ಟಿತ್ತು. ಉದ್ದ ದಪ್ಪ ಎಲ್ಲ ಅಷ್ಟೇ, ಬಣ್ಣ ಮಾತ್ರ ಮಾಸಲು ಬೂದಿ. ಕಡಲೆಕಾಯಿ ಸಿಪ್ಪೆಯ ಮೇಲೆ ಬಲೆಯಂಥ ಗೆರೆಗಳಿರುತ್ತವಲ್ಲ, ಇದರ ಮೈಯೂ ಹಾಗೇ. ಆದರೆ ಇಲ್ಲಿ ಗೆರೆಗಳ ನಡುವೆ ತಳವೇ ಇಲ್ಲ. ಚಿಕ್ಕಮ್ಮ ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ನೂರಾರು ಸಣ್ಣ ಕಿಂಡಿಗಳಿಂದ ಬೆಳಕು ಈಚೆ ಬಂತು. ಬೆರಳಿನಿಂದ ಸವರಿದರು, ಮರಳು ಕಾಗದದ ಹಾಗೆ ತರಿತರಿ. ತೂಕ ಕೆಲವೇ ಗ್ರಾಂ.

“ಇಷ್ಟೊಂದು ತೂತಿದೆಯಲ್ಲ ಡಾಕ್ಟ್ರೇ, ನನ್ನ ಭಾರ ತಡಿಯತ್ತಾ ಇದು?”

“ತೂತಿರೋದಕ್ಕೇ ತಡಿಯೋದು ಅಮ್ಮಾ,” ಎಂದರು ಡಾಕ್ಟರು.

ಚಿಕ್ಕಮ್ಮನಿಗೆ ಆ ಮಾತಿನಿಂದ ಸಮಾಧಾನವಾಯಿತು. ನನಗೆ ಆಗಲಿಲ್ಲ. ಸೊಂಟದ ನಾಲ್ಕನೇ ಮಣಿಗೂ ಐದನೇ ಮಣಿಗೂ ನಡುವೆ ಕೂರಬೇಕಾದ, ಮತ್ತೆ ಎಂದೂ ಹೊರಗೆ ತೆಗೆಯಬಾರದ ಒಂದು ತುಂಡು ಲೋಹದ ವಿಷಯದಲ್ಲಿ ಆಕೆ ಕೇಳಿದ್ದು ಸರಿಯಾದ ಪ್ರಶ್ನೆ. ಡಾಕ್ಟರು ಕೊಟ್ಟದ್ದು ಅರ್ಧ ಉತ್ತರ. ಉಳಿದರ್ಧವನ್ನು ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಲೋಹಶಾಸ್ತ್ರ, ಕುದುರೆ ವೈದ್ಯ, ರೈಲಿನ ಅಚ್ಚು, ಚಿಟ್ಟೆಯ ರೆಕ್ಕೆ ಎಲ್ಲ ಸೇರಿದ ಕಥೆ.

ಊರಲ್ಲಿ ಇದಕ್ಕೆ “ಬೆನ್ನಿಗೆ ರಾಡ್ ಹಾಕ್ಸಿದಾರೆ” ಎನ್ನುತ್ತಾರೆ. ರಾಡು, ಸ್ಕ್ರೂ ಇರುವುದು ನಿಜ. ಅವು ಬೆನ್ನುಮೂಳೆಯ ಹಿಂಭಾಗದಲ್ಲಿ ಇರುತ್ತವೆ, ಎಕ್ಸ್-ರೇಯಲ್ಲಿ ಎದ್ದು ಕಾಣುತ್ತವೆ. ಆದರೆ ಶಸ್ತ್ರಚಿಕಿತ್ಸೆಯ ನಿಜವಾದ ಉದ್ದೇಶ ಮುಂಭಾಗದಲ್ಲಿದೆ. ನಮ್ಮ ಬೆನ್ನಿನಲ್ಲಿ ಬಿಡಿಬಿಡಿಯಾಗಿ ಅಲುಗುವ 24 ಮಣಿಗಳಿವೆ, ನಡುವೆ 23 ಡಿಸ್ಕ್‌ಗಳು. ಒಂದು ಡಿಸ್ಕ್ ಪೂರ್ತಿ ಸವೆದು, ಮೇಲಿನ ಮಣಿ ಕೆಳಗಿನ ಮಣಿಯ ಮೇಲೆ ಜಾರಿ, ನರ ಒತ್ತಿಕೊಂಡು, ಮಾತ್ರೆ ವ್ಯಾಯಾಮ ಯಾವುದಕ್ಕೂ ಬಗ್ಗದೇ ಹೋದಾಗ ಕೆಲವರಿಗೆ ಆ ಎರಡು ಮಣಿಗಳನ್ನು ಒಂದೇ ಮೂಳೆಯಾಗಿ ಬೆಸೆಯುತ್ತಾರೆ. ಡಿಸ್ಕ್ ತೆಗೆದು, ಆ ಜಾಗದಲ್ಲಿ ಒಂದು ಪಂಜರ ಇಟ್ಟು, ಅದರೊಳಗೂ ಸುತ್ತಲೂ ರೋಗಿಯದೇ ಮೂಳೆಯ ಚೂರುಗಳನ್ನು ತುಂಬುತ್ತಾರೆ. ವೈದ್ಯರ ಬಾಯಲ್ಲಿ ಅದು ಕೇಜ್. ಮೇಲಿನ ಮಣಿಯಿಂದ ಕೆಳಗಿನ ಮಣಿಗೆ ಹೊಸ ಮೂಳೆ ಬೆಳೆದು ಸೇತುವೆಯಾಗುವ ತನಕ ಜಾಗ ಕುಸಿಯದಂತೆ ಎತ್ತಿ ಹಿಡಿಯುವುದು ಅದರ ಕೆಲಸ. ಮನೆ ಕಟ್ಟುವಾಗ ತಾರಸಿಯ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗೆ ಕೊಡುವ ಮರದ ಊರೆಯ ಹಾಗೆ. ಊರೆಯನ್ನು ಆಮೇಲೆ ತೆಗೆಯುತ್ತಾರೆ, ಕೇಜ್ ಅಲ್ಲೇ ಉಳಿಯುತ್ತದೆ.

ಆ ಜಾಗದಲ್ಲಿ ಬೀಳುವ ಭಾರ ಎಷ್ಟು? 1999ರಲ್ಲಿ ಜರ್ಮನಿಯ ಉಲ್ಮ್ ನಗರದ ಹಾನ್ಸ್-ಯೋಆಖಿಮ್ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಗೆ ಒತ್ತಡ ಅಳೆಯುವ ಸಣ್ಣ ಸಾಧನ ಇಟ್ಟು, ದಿನನಿತ್ಯದ ಕೆಲಸಗಳನ್ನು ಮಾಡಿಸಿ ನೋಡಿದರು. ಮಲಗಿದಾಗ 0.1 ಮೆಗಾಪ್ಯಾಸ್ಕಲ್. ನೆಟ್ಟಗೆ ನಿಂತಾಗ 0.5. ಬೆನ್ನು ಬಾಗಿಸಿಕೊಂಡು 20 ಕಿಲೋ ಭಾರ ಎತ್ತಿದಾಗ 2.3. ಕಾರಿನ ಚಕ್ರಕ್ಕೆ ಪೆಟ್ರೋಲ್ ಬಂಕಿನಲ್ಲಿ ಹಿಡಿಸುವ ಗಾಳಿಯ ಒತ್ತಡದ ಹತ್ತು ಪಟ್ಟು ಅದು. ಅದೇ 20 ಕಿಲೋವನ್ನು ಮಂಡಿ ಮಡಿಸಿ ಎತ್ತಿದರೆ ಒತ್ತಡ 1.7ಕ್ಕೆ ಇಳಿಯಿತು, ಮೈಗೆ ಹತ್ತಿರ ಹಿಡಿದಾಗ 1.1ಕ್ಕೆ. ನಾಟಿ ಮಾಡುವ, ಕೊಡ ಎತ್ತುವ, ಸಿಮೆಂಟ್ ಚೀಲ ಇಳಿಸುವ ನಮ್ಮ ಜನರ ಬೆನ್ನು ದಿನಕ್ಕೆ ಎಷ್ಟು ಸಲ ಆ ಒತ್ತಡಕ್ಕೆ ಸಿಕ್ಕುತ್ತದೆಂದು ಯೋಚಿಸಿದರೆ ನಮ್ಮ ಬೆನ್ನೆಲುಬಿನ ಬಗ್ಗೆ ಗೌರವ ಹೆಚ್ಚುತ್ತದೆ. ಮುಂದೆ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಸಂಶೋಧಕರು ಇನ್ನೊಂದು ಹೆಜ್ಜೆ ಹೋದರು. ಮಣಿ ಮುರಿದ ಐವರು ರೋಗಿಗಳಿಗೆ ಅಳವಡಿಸಿದ ಲೋಹದ ಬದಲಿ ಮಣಿಯೊಳಗೇ ಸಂವೇದಕ ಮತ್ತು ಪುಟ್ಟ ಪ್ರಸಾರಕವನ್ನು ಕೂರಿಸಿ, ನಡೆಯುವಾಗ, ಮೆಟ್ಟಿಲು ಹತ್ತುವಾಗ, ಭಾರ ಎತ್ತುವಾಗ ಅದರ ಮೇಲೆ ಬೀಳುವ ಬಲವನ್ನು ಹೊರಗಿನಿಂದ ಓದಿದರು. ಇಂಪ್ಲಾಂಟ್ ವಿನ್ಯಾಸ ಮಾಡುವವರಿಗೆ ಇಂಥ ಅಂಕಿಗಳೇ ಆಧಾರ.

ಪಂಜರದ ಉಪಾಯ ಮೊದಲು ಫಲ ಕೊಟ್ಟದ್ದು ಮನುಷ್ಯರಲ್ಲಿ ಅಲ್ಲ, ಕುದುರೆಗಳಲ್ಲಿ. ಕೆಲವು ಓಟದ ಕುದುರೆಗಳಿಗೆ ಕತ್ತಿನ ಮಣಿಗಳು ಸರಿದು ಬೆನ್ನುಹುರಿ ಒತ್ತಿಕೊಂಡು ಕಾಲು ತೂರಾಡುವ ರೋಗ ಬರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೂಳೆ ವೈದ್ಯ ಜಾರ್ಜ್ ಬ್ಯಾಗ್ಬಿ ಪಶುವೈದ್ಯರ ಜೊತೆ ಸೇರಿ, ಮೈಯೆಲ್ಲ ತೂತಿರುವ ಸ್ಟೇನ್‌ಲೆಸ್ ಸ್ಟೀಲ್ ಬುಟ್ಟಿಯೊಂದನ್ನು ಮಾಡಿ, ಅದರಲ್ಲಿ ಮೂಳೆ ಚೂರು ತುಂಬಿ ಕುದುರೆಯ ಕತ್ತಿನಲ್ಲಿ ಕೂರಿಸಿದರು. ತೂತುಗಳ ಮೂಲಕ ಮೂಳೆ ಬೆಳೆದು ಮಣಿಗಳು ಬೆಸೆದವು. 1977ರಲ್ಲಿ ಅಮೆರಿಕದ ಮೂರೂ ಮಹಾ ರೇಸುಗಳನ್ನು ಗೆದ್ದಿದ್ದ ಸಿಯಾಟಲ್ ಸ್ಲೂ ಎಂಬ ಪ್ರಸಿದ್ಧ ಕುದುರೆಗೂ ಮುಪ್ಪಿನಲ್ಲಿ, 2000ದಲ್ಲಿ, ಕತ್ತಿನ ಮಣಿ ಬೆಸೆಯುವ ಚಿಕಿತ್ಸೆಯಾಯಿತು. ಬ್ಯಾಗ್ಬಿ ಮತ್ತು ಸ್ಟೀಫನ್ ಕುಸ್ಲಿಚ್ ಸೇರಿ ಮನುಷ್ಯರಿಗೆಂದು ರೂಪಿಸಿದ ಟೈಟಾನಿಯಂ ಪಂಜರಕ್ಕೆ 1996ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಅಲ್ಲಿಂದಾಚೆಗೆ ವಿನ್ಯಾಸಕಾರರು ಎರಡು ದೋಣಿಯಲ್ಲಿ ಕಾಲಿಟ್ಟಂತೆ ಒದ್ದಾಡಿದರು. ಟೈಟಾನಿಯಂ ಮೂಳೆಗೆ ಪ್ರಿಯವಾದ ಲೋಹ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಕಾಲುಮೂಳೆಯಲ್ಲಿ ರಕ್ತಸಂಚಾರ ನೋಡಲು ಇಟ್ಟಿದ್ದ ಟೈಟಾನಿಯಂ ಉಪಕರಣವನ್ನು ವಾಪಸ್ ತೆಗೆಯಲು ಹೋದರೆ ಅದು ಬರಲೇ ಇಲ್ಲ, ಮೂಳೆ ಅದನ್ನು ತನ್ನದಾಗಿಸಿಕೊಂಡಿತ್ತು. ಇಂದಿನ ಹಲ್ಲಿನ ಇಂಪ್ಲಾಂಟುಗಳೆಲ್ಲ ಆ ಮೊಲದ ಕಾಲಿನಿಂದ ಹುಟ್ಟಿದವು. ಆದರೆ ಟೈಟಾನಿಯಂಗೆ ಒಂದು ದೋಷವಿದೆ. ಅದು ಅತಿ ಬಿಗಿ. ಒತ್ತಿದರೆ ಎಷ್ಟು ಬಾಗುತ್ತದೆ ಎಂಬುದರ ಅಳತೆಯಲ್ಲಿ ಇಂಪ್ಲಾಂಟಿನ ಟೈಟಾನಿಯಂ ಮಿಶ್ರಲೋಹ ಸುಮಾರು 110 ಗಿಗಾಪ್ಯಾಸ್ಕಲ್. ಗಟ್ಟಿ ಮೂಳೆ 10ರಿಂದ 20ರ ಆಸುಪಾಸು. ಮಣಿಯ ಒಳಗಿನ ಜಾಲರಿಯಂಥ ಮೆದು ಮೂಳೆ ಒಂದಕ್ಕಿಂತಲೂ ಕಡಿಮೆ. ಬಿಗಿಯಾದದ್ದು ಮೆದುವಾದದ್ದರ ಪಕ್ಕ ಕೂತರೆ ಭಾರವನ್ನೆಲ್ಲ ಬಿಗಿಯಾದದ್ದೇ ಹೊರುತ್ತದೆ. ಕೆಲಸವಿಲ್ಲದ ಮೂಳೆ ಸೊರಗುತ್ತದೆ. ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಇದನ್ನು ಬರೆದಿಟ್ಟಿದ್ದ: ಭಾರ ಹೊತ್ತ ಕಡೆ ಮೂಳೆ ಬಲಿಯುತ್ತದೆ, ಹೊರದ ಕಡೆ ಕರಗುತ್ತದೆ. ಅಂತರಿಕ್ಷದಲ್ಲಿ ತಿಂಗಳುಗಟ್ಟಲೆ ಇದ್ದವರ ಮೂಳೆ ಸವೆಯುವುದೂ ಇದೇ ಕಾರಣಕ್ಕೆ. ಜೊತೆಗೆ ಬಿಗಿ ಲೋಹವು ಮೆದು ಮಣಿಯೊಳಗೆ ನಿಧಾನವಾಗಿ ಹೂತುಕೊಳ್ಳಬಹುದು.

ಹಾಗಾಗಿ ಬಹಳ ಮಂದಿ ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿಗೆ ಹೋದರು. ಅದರ ಬಿಗಿತ 4 ಗಿಗಾಪ್ಯಾಸ್ಕಲ್ ಆಸುಪಾಸು, ಎಕ್ಸ್-ರೇಯಲ್ಲಿ ಅಡ್ಡಬರುವುದಿಲ್ಲ, ಒಳಗೆ ಮೂಳೆ ಬೆಳೆದಿದೆಯೇ ಇಲ್ಲವೇ ಎಂದು ನೋಡಬಹುದು. ಆದರೆ ಮೂಳೆ ಅದಕ್ಕೆ ಅಂಟುವುದಿಲ್ಲ. ಸುತ್ತ ನಾರಿನ ಪೊರೆ ಕಟ್ಟಿಕೊಂಡು ಪರಕೀಯನಂತೆ ಉಳಿಯುತ್ತದೆ.

ಟೈಟಾನಿಯಂನ ಮೈ ಬೇಕು, ಬಿಗಿತ ಮಾತ್ರ ಮೂಳೆಯದು ಬೇಕು. ಲೋಹವನ್ನು ಬದಲಿಸದೆ ಇದನ್ನು ಸಾಧಿಸುವ ದಾರಿ ಒಂದೇ. ಲೋಹವನ್ನು ಕಡಿಮೆ ಮಾಡಿ ಖಾಲಿಯನ್ನು ಹೆಚ್ಚು ಮಾಡುವುದು. ಲೊರ್ನಾ ಗಿಬ್ಸನ್ ಮತ್ತು ಮೈಕೆಲ್ ಆಶ್ಬಿ ಎಂಬ ವಿಜ್ಞಾನಿಗಳು ನೊರೆಯಂಥ, ಜಾಲರಿಯಂಥ ವಸ್ತುಗಳ ಬಗ್ಗೆ ತೋರಿಸಿಕೊಟ್ಟ ಒಂದು ಸರಳ ಲೆಕ್ಕವಿದೆ. ಇಂಥ ವಸ್ತುವಿನ ಬಿಗಿತ, ಅದರಲ್ಲಿರುವ ಘನಭಾಗದ ವರ್ಗದಷ್ಟು ಇಳಿಯುತ್ತದೆ. ನೂರರಲ್ಲಿ ಮೂವತ್ತು ಪಾಲು ಮಾತ್ರ ಲೋಹ, ಉಳಿದದ್ದು ಖಾಲಿ ಎಂದುಕೊಳ್ಳಿ. 0.3ನ್ನು 0.3ರಿಂದ ಗುಣಿಸಿದರೆ 0.09. ಅಂದರೆ 110 ಗಿಗಾಪ್ಯಾಸ್ಕಲ್‌ನ ಲೋಹ ಹತ್ತಕ್ಕೆ ಇಳಿಯಿತು, ಗಟ್ಟಿ ಮೂಳೆಯ ಮಟ್ಟಕ್ಕೆ. ಡಾಕ್ಟರು ಚಿಕ್ಕಮ್ಮನಿಗೆ ಹೇಳಿದ ಅರ್ಧ ಉತ್ತರ ಇದು. ತೂತು ಇರುವುದರಿಂದಲೇ ಅದು ಮೂಳೆಯ ಜೊತೆ ಭಾರ ಹಂಚಿಕೊಳ್ಳುತ್ತದೆ, ಮೂಳೆಗೂ ಕೆಲಸ ಕೊಡುತ್ತದೆ, ಒಳಗೆ ಬೆಳೆಯಲು ದಾರಿ ಬಿಡುತ್ತದೆ. ಕಿಂಡಿಯ ಅಳತೆಗೂ ಲೆಕ್ಕ ಇದೆ. ತೀರಾ ಕಿರಿದಾದರೆ ರಕ್ತನಾಳ ನುಗ್ಗುವುದಿಲ್ಲ, ರಕ್ತ ಹೋಗದ ಕಡೆ ಮೂಳೆ ಬೆಳೆಯದು. ತೀರಾ ದೊಡ್ಡದಾದರೆ ಮೂಳೆ ದಾಟಬೇಕಾದ ಅಂತರ ಹೆಚ್ಚುತ್ತದೆ, ಜಾಲರಿಯೂ ದುರ್ಬಲ. ಸಾಮಾನ್ಯವಾಗಿ 0.3ರಿಂದ 0.6 ಮಿಲಿಮೀಟರ್‌ನ ಕಿಂಡಿಗಳನ್ನು ಆರಿಸುತ್ತಾರೆ. ರಾಗಿ ಕಾಳು ಕೂಡ ಅದರೊಳಗೆ ಹೋಗದು.

ಜಾಲರಿಯ ಆಕಾರದಲ್ಲಿ ನನಗೆ ಬಹಳ ಹಿಡಿಸಿದ್ದು ಗೈರಾಯ್ಡ್. ಅಮೆರಿಕದ ನಾಸಾದಲ್ಲಿದ್ದ ಅಲನ್ ಶೋನ್ 1970ರಲ್ಲಿ ವಿವರಿಸಿದ ಈ ಮೇಲ್ಮೈಯಲ್ಲಿ ಒಂದೇ ಒಂದು ನೇರ ಗೆರೆ ಇಲ್ಲ. ಎಲ್ಲ ಕಡೆ ಬಳುಕುತ್ತ, ಜಾಗವನ್ನು ಎಂದೂ ಕೂಡದ ಎರಡು ಸುರಂಗಜಾಲಗಳಾಗಿ ಹಂಚುತ್ತದೆ. ಕೆಲವು ಚಿಟ್ಟೆಗಳ ರೆಕ್ಕೆಯ ಹುರುಪೆಯಲ್ಲಿ ಇದೇ ಆಕಾರ ಬೆಳಕನ್ನು ಒಡೆದು ಬಣ್ಣ ತೋರಿಸುತ್ತದೆ. ಇಂಪ್ಲಾಂಟಿನಲ್ಲಿ ಇದರ ಉಪಯೋಗ ಬೇರೆ. ಕಡ್ಡಿಗಳನ್ನು ಜೋಡಿಸಿದ ಜಾಲರಿಯಲ್ಲಿ ಮೂರು ನಾಲ್ಕು ಕಡ್ಡಿ ಕೂಡುವ ಮೂಲೆಯಲ್ಲೇ ಒತ್ತಡ ಗುಂಪುಗೂಡಿ ಬಿರುಕು ಹುಟ್ಟುತ್ತದೆ. ಮೂಲೆಯೇ ಇಲ್ಲದ ಆಕಾರದಲ್ಲಿ ಒತ್ತಡ ಹಂಚಿಹೋಗುತ್ತದೆ.

ಇಂಥ ಆಕಾರವನ್ನು ಲೇತ್ ಮೇಲೆ ಕಡೆಯಲಾಗದು, ಅಚ್ಚಿನಲ್ಲಿ ಎರೆಯಲಾಗದು. ಅದಕ್ಕೆ ಬೇಕಾಗಿದ್ದೇ 3ಡಿ ಮುದ್ರಣ. ಯಂತ್ರದೊಳಗೆ ಗಾಜಿನ ಕಿಟಕಿಯಿಂದ ಇಣುಕಿದರೆ ಕಾಣುವುದು ಇಷ್ಟು: ನುಣುಪಾದ ಬೂದು ಪುಡಿಯ ಒಂದು ಹಾಸು. ಪುಡಿಯ ಕಣಗಳು 15ರಿಂದ 45 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ಸಣ್ಣವು, ಒಂದೊಂದೂ ಗುಂಡಗೆ. ಲೇಸರ್ ಕಿರಣ ಆ ಹಾಸಿನ ಮೇಲೆ ಸರಸರನೆ ಓಡಾಡಿ, ಎಲ್ಲಿ ಲೋಹ ಬೇಕೋ ಅಲ್ಲಿ ಮಾತ್ರ ಪುಡಿಯನ್ನು ಕರಗಿಸುತ್ತದೆ. ಬೆಳಗಿನ ಅಂಗಳದಲ್ಲಿ ರಂಗೋಲಿ ಎಳೆಯುವವರ ಬೆರಳಿನ ಓಟ ನೆನಪಾಗುತ್ತದೆ, ವ್ಯತ್ಯಾಸವೆಂದರೆ ಇಲ್ಲಿ ಪುಡಿ ಮೊದಲೇ ಹರಡಿದೆ, ಎಳೆಯುವುದು ಬೆಂಕಿಯ ಗೆರೆ. ಒಂದು ಪದರ ಮುಗಿದರೆ ತಳ 30 ಮೈಕ್ರಾನ್ ಕೆಳಗಿಳಿಯುತ್ತದೆ, ಒಂದು ಪಟ್ಟಿ ಬಂದು ಹೊಸ ಪುಡಿಯನ್ನು ಸವರಿ ಹೋಗುತ್ತದೆ, ಮತ್ತೆ ಲೇಸರ್. ಒಂದು ಸೆಂಟಿಮೀಟರ್ ಎತ್ತರದ ಕೇಜ್‌ಗೆ ಮುನ್ನೂರಕ್ಕೂ ಹೆಚ್ಚು ಪದರ. ಟೈಟಾನಿಯಂ ಕರಗುವುದು 1,600 ಡಿಗ್ರಿಗೂ ಮೇಲೆ, ಬಿಸಿ ಟೈಟಾನಿಯಂ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಪೆಡಸಾಗುತ್ತದೆ, ಹಾಗಾಗಿ ಇಡೀ ಕೋಣೆಯಲ್ಲಿ ಆರ್ಗಾನ್ ಅನಿಲ ತುಂಬಿರುತ್ತಾರೆ. ಲೇಸರ್ ಬದಲು ನಿರ್ವಾತದಲ್ಲಿ ಎಲೆಕ್ಟ್ರಾನ್ ಕಿರಣದಿಂದ ಕರಗಿಸುವ ಇನ್ನೊಂದು ಬಗೆಯ ಯಂತ್ರವನ್ನು ಸ್ವೀಡನ್ನಿನ ಆರ್ಕಾಮ್ ಕಂಪನಿ ಬೆಳೆಸಿತು.

ಈ ವಿದ್ಯೆ ನಮ್ಮ ಬೆಂಗಳೂರಿಗೆ ಹೊಸದಲ್ಲ. ಇಸ್ರೊ 2024ರ ಮೇ 9ರಂದು ಪರೀಕ್ಷಿಸಿದ ಪಿಎಸ್4 ಎಂಬ ರಾಕೆಟ್ ಎಂಜಿನ್ನನ್ನು ಇದೇ ಬಗೆಯ ಲೇಸರ್ ಮುದ್ರಣದಲ್ಲಿ ಮಾಡಿಕೊಟ್ಟದ್ದು ಬೆಂಗಳೂರಿನ ವಿಪ್ರೊ 3ಡಿ. 14 ಬಿಡಿಭಾಗಗಳು ಒಂದೇ ತುಂಡಾದವು, 19 ಬೆಸುಗೆಗಳು ತಪ್ಪಿದವು, 565 ಕಿಲೋ ಲೋಹ ಬೇಕಾಗುತ್ತಿದ್ದಲ್ಲಿ 13.7 ಕಿಲೋ ಪುಡಿ ಸಾಕಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು, ಕೌಶಿಕ್ ಚಟರ್ಜಿ ಅವರ ತಂಡಗಳು ಇಂಪ್ಲಾಂಟ್ ವಸ್ತುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿವೆ. ರಾಕೆಟ್ಟಿನ ಎಂಜಿನ್ ನಿಮಿಷಗಳ ಲೆಕ್ಕದಲ್ಲಿ ಉರಿದು ಮುಗಿಯುತ್ತದೆ. ಚಿಕ್ಕಮ್ಮನ ಕೇಜ್ ಮಾತ್ರ ಆಕೆಯ ಜೊತೆ ಜೀವಮಾನ ಪೂರ್ತಿ ಇರಬೇಕು.

ಮುದ್ರಿಸಿ ಮುಗಿದ ಕೇಜ್ ಕೇಜ್ ಅಲ್ಲ. ಇನ್ನೂ ಬಹಳ ಕೆಲಸ ಉಳಿದಿರುತ್ತದೆ. ಕ್ಷಣದಲ್ಲಿ ಕರಗಿ ಕ್ಷಣದಲ್ಲಿ ತಣಿದ ಲೋಹದೊಳಗೆ ಎಳೆತ ಉಳಿದಿರುತ್ತದೆ, ಹಾಗೇ ಕತ್ತರಿಸಿದರೆ ಸೆಟೆದುಕೊಳ್ಳುತ್ತದೆ. ಅದಕ್ಕೆ ಮೊದಲು ಕುಲುಮೆಯಲ್ಲಿಟ್ಟು ಹದ ಮಾಡಬೇಕು. ಆಮೇಲೆ ಪೀಣ್ಯದ ವರ್ಕ್‌ಶಾಪಿನವರು ವೈರ್‌ಕಟ್ ಎನ್ನುವ ಯಂತ್ರದಲ್ಲಿ ಅದನ್ನು ಮುದ್ರಣದ ತಳದ ತಟ್ಟೆಯಿಂದ ಬಿಡಿಸಬೇಕು. ಪುಡಿ ಸರಿಯಾಗಿ ಕರಗದ ಕಡೆ, ಲೇಸರ್ ಅತಿಯಾಗಿ ಕೊರೆದ ಕಡೆ, ಒಳಗೆ ಸೂಜಿಮೊನೆಯಷ್ಟು ಗುಳ್ಳೆಗಳು ಉಳಿದಿರಬಹುದು. ಅವನ್ನು ಮುಚ್ಚಲು ಕೇಜನ್ನು ಸುಮಾರು 920 ಡಿಗ್ರಿ ಶಾಖದಲ್ಲಿ, ಸಾವಿರ ವಾತಾವರಣದಷ್ಟು ಆರ್ಗಾನ್ ಒತ್ತಡದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಸಾಗರದ ಅತಿ ಆಳದ ಕಂದಕದ ತಳದಲ್ಲಿ ಇರುವಷ್ಟು ಒತ್ತಡ ಅದು. ಗುಳ್ಳೆಗಳು ಹಿಂಡಿ ಮುಚ್ಚಿಹೋಗುತ್ತವೆ. ಆದರೆ ಮೇಲ್ಮೈಗೆ ಬಾಯಿ ತೆರೆದ ಗುಳ್ಳೆ ಇದರಿಂದ ಮುಚ್ಚುವುದಿಲ್ಲ, ಅನಿಲ ಅದರೊಳಗೂ ಹೊಕ್ಕಿರುತ್ತದಲ್ಲ.

ಎಲ್ಲಕ್ಕಿಂತ ಕಿರಿಕಿರಿಯ ಕೆಲಸ ಪುಡಿ ಬಿಡಿಸುವುದು. ಕಿಂಡಿಗಳ ಒಳಗೆಲ್ಲ ಕರಗದ ಪುಡಿ ತುಂಬಿಕೊಂಡಿರುತ್ತದೆ, ಹೊರಗೆ ಸಡಿಲವಾಗಿ, ಒಳಗೆ ಅರೆಬೆಂದು ಅಂಟಿಕೊಂಡು. ಗಾಳಿ ಊದಿ, ಅದುರಿಸಿ, ಶ್ರವಣಾತೀತ ತರಂಗದ ತೊಟ್ಟಿಯಲ್ಲಿ ತೊಳೆದು, ಆಮ್ಲದಲ್ಲಿ ಅದ್ದಿ ತೆಗೆಯುತ್ತಾರೆ. ಒಂದು ಚಿಟಿಕೆ ಉಳಿದು ಬೆನ್ನುಹುರಿಯ ಪಕ್ಕ ಉದುರಿದರೆ? ಅಮೆರಿಕದ ಎಫ್‌ಡಿಎ 2017ರ ಡಿಸೆಂಬರ್‌ನಲ್ಲಿ ಮುದ್ರಿತ ವೈದ್ಯಕೀಯ ಸಾಧನಗಳಿಗಾಗಿ ಹೊರಡಿಸಿದ ಮಾರ್ಗಸೂಚಿ ಈ ಉಳಿಕೆ ಪುಡಿಯ ಬಗ್ಗೆ ತಯಾರಕರನ್ನು ಬಿಡದೆ ಪ್ರಶ್ನಿಸುತ್ತದೆ. ಪುಡಿಯನ್ನು ಎಷ್ಟು ಸಲ ಮರುಬಳಸಿದಿರಿ ಎಂದೂ ಕೇಳುತ್ತದೆ, ಯಾಕೆಂದರೆ ಪ್ರತಿ ಸಲ ಅದು ಸ್ವಲ್ಪ ಸ್ವಲ್ಪ ಆಮ್ಲಜನಕ ಕುಡಿದಿರುತ್ತದೆ. ಇಂಪ್ಲಾಂಟ್ ದರ್ಜೆಯ ಈ ಲೋಹದಲ್ಲಿ ಆಮ್ಲಜನಕ ಶೇ 0.13 ಮೀರಬಾರದು.

ಇನ್ನು ಚಿಕ್ಕಮ್ಮನ ಪ್ರಶ್ನೆಯ ಉಳಿದರ್ಧ. ತೂತು ಹೆಚ್ಚಿಸಿದಂತೆ ಬಿಗಿತ ಇಳಿಯುತ್ತದೆ, ಸರಿ. ಬಲವೂ ಇಳಿಯುತ್ತದೆ. ಹಾಗಾದರೆ ಮುರಿಯುವುದಿಲ್ಲ ಎಂದು ಹೇಗೆ ನಂಬುವುದು?

ಒಂದೇ ಸಲ ಜೋರಾಗಿ ಒತ್ತಿ ನೋಡಿದರೆ ಸಾಲದು. 1842ರಲ್ಲಿ ಪ್ಯಾರಿಸ್ ಬಳಿ ವರ್ಸೈ ರೈಲಿನ ಎಂಜಿನ್ನಿನ ಅಚ್ಚು ಮುರಿದು ಹತ್ತಾರು ಜನ ಸತ್ತರು. ಅಚ್ಚು ಗಟ್ಟಿಯಾಗೇ ಇತ್ತು, ಅದರ ಮೇಲೆ ಅಂದು ಅತಿಭಾರವೇನೂ ಬಿದ್ದಿರಲಿಲ್ಲ. ಸಣ್ಣ ಸಣ್ಣ ಭಾರ ಲಕ್ಷಾಂತರ ಸಲ ಬಿದ್ದು ಬಿದ್ದು ಲೋಹ ದಣಿದಿತ್ತು. ಪ್ರಷ್ಯಾದ ರೈಲ್ವೆ ಎಂಜಿನಿಯರ್ ಆಗಸ್ಟ್ ವ್ಯೋಲರ್ ಆಮೇಲಿನ ದಶಕಗಳಲ್ಲಿ ಅಚ್ಚುಗಳನ್ನು ಮತ್ತೆ ಮತ್ತೆ ಬಾಗಿಸುತ್ತ ಲೋಹದ ದಣಿವಿನ ಲೆಕ್ಕ ಹಾಕಿದ. ಎಷ್ಟು ಭಾರಕ್ಕೆ ಎಷ್ಟು ಸಲ ತಡೆಯುತ್ತದೆ ಎಂಬ ಅವನ ರೇಖೆಯೇ ಇಂದು ಬೆನ್ನಿನ ಕೇಜ್‌ಗೂ ಅನ್ವಯಿಸುವುದು. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿದ ಪ್ರತಿಯೊಬ್ಬರಿಗೂ ಇದು ಕೈಯಲ್ಲೇ ಗೊತ್ತಿರುವ ವಿಷಯ.

ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಎಫ್2077 ಎಂಬ ಮಾನದಂಡ ಈ ಪರೀಕ್ಷೆಯ ಕಟ್ಟಳೆ. ಕೇಜನ್ನು ಎರಡು ದಿಮ್ಮಿಗಳ ನಡುವೆ ಇಡುತ್ತಾರೆ, ದಿಮ್ಮಿಗಳು ಮೇಲಿನ ಮತ್ತು ಕೆಳಗಿನ ಮಣಿಯ ಪಾತ್ರ ವಹಿಸುತ್ತವೆ. ಮೊದಲು ಮುರಿಯುವ ತನಕ ಒತ್ತುತ್ತಾರೆ: ನೇರವಾಗಿ ಒಮ್ಮೆ, ಓರೆಯಾಗಿ ಒಮ್ಮೆ, ತಿರುಚಿ ಒಮ್ಮೆ. ಆಮೇಲೆ ಶುರುವಾಗುವುದು ನಿಜವಾದ ಅಗ್ನಿಪರೀಕ್ಷೆ. ಭಾರ ಹಾಕುವುದು, ಬಿಡುವುದು, ಹಾಕುವುದು, ಬಿಡುವುದು, 50 ಲಕ್ಷ ಸಲ. ಸೆಕೆಂಡಿಗೆ ಐದು ಸಲದಂತೆ ಒತ್ತಿದರೂ ಹಗಲು ರಾತ್ರಿ ಹನ್ನೊಂದೂವರೆ ದಿನ ಬೇಕು, ಒಂದು ಮಾದರಿಗೆ, ಒಂದು ಭಾರಕ್ಕೆ, ಒಂದು ದಿಕ್ಕಿಗೆ. ಒಂದು ಮಾದರಿ 12 ಲಕ್ಷಕ್ಕೆ ಮುರಿದರೆ ಭಾರ ಇಳಿಸಿ ಇನ್ನೊಂದನ್ನು ಇಡಬೇಕು. ಯಾವ ಭಾರದಲ್ಲಿ ಮಾದರಿಗಳು 50 ಲಕ್ಷ ದಾಟಿಯೂ ಬಿರುಕಿಲ್ಲದೆ ಉಳಿಯುತ್ತವೋ ಆ ಭಾರವನ್ನು ಬೆನ್ನಿನಲ್ಲಿ ಬೀಳುವ ಭಾರದ ಜೊತೆ ತೂಗಿ ನೋಡುತ್ತಾರೆ. ಯಂತ್ರದ ಟಕ್ ಟಕ್ ಸದ್ದಿನ ನಡುವೆ ವಾರಗಟ್ಟಲೆ ಕಾಯುವ ಈ ಕೆಲಸದಲ್ಲಿ ಪತ್ರಿಕೆಯ ಚಿತ್ರಕ್ಕೆ ಒದಗುವ ಬೆಡಗು ಯಾವುದೂ ಇಲ್ಲ. ಆದರೆ ಆಪರೇಷನ್ ಟೇಬಲ್ ಮೇಲೆ ಬೋರಲು ಮಲಗುವವರ ಧೈರ್ಯವೆಲ್ಲ ನಿಂತಿರುವುದು ಈ ಕಾಯುವಿಕೆಯ ಮೇಲೆ.

50 ಲಕ್ಷವೇ ಯಾಕೆ? ಕೇಜ್ ಶಾಶ್ವತವಾಗಿ ಒಂಟಿಯಾಗಿ ಭಾರ ಹೊರಬೇಕಿಲ್ಲ. ಮೂಳೆ ಬೆಸೆದ ಮೇಲೆ ಭಾರ ಮೂಳೆಗೆ ವರ್ಗವಾಗುತ್ತದೆ. ಬೆಸುಗೆಗೆ ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷ ಹಿಡಿಯುತ್ತದೆ. ಅಂದರೆ ಇದು ಓಟದ ಪಂದ್ಯ. ಒಂದು ಕಡೆ ಬೆಳೆಯುತ್ತಿರುವ ಮೂಳೆ, ಇನ್ನೊಂದು ಕಡೆ ದಣಿಯುತ್ತಿರುವ ಲೋಹ. ಮೂಳೆ ಗೆಲ್ಲುವ ತನಕ ಲೋಹ ಸೋಲಬಾರದು, ಅದಕ್ಕೆ ಸಾಕಷ್ಟು ಮಿಗಿತೆ ಇಟ್ಟುಕೊಂಡ ಅಂಕಿ ಅದು. ಯಾರಲ್ಲಿ ಮೂಳೆ ಬೆಸೆಯುವುದೇ ಇಲ್ಲವೋ ಅವರಲ್ಲಿ ಎಷ್ಟೇ ಗಟ್ಟಿ ಲೋಹವಾದರೂ ಒಂದು ದಿನ ಸ್ಕ್ರೂ ಸಡಿಲವಾಗಬಹುದು, ರಾಡ್ ಮುರಿಯಬಹುದು. ಬೀಡಿ ಸಿಗರೇಟು ಬಿಡಿ ಎಂದು ಬೆನ್ನಿನ ಡಾಕ್ಟರುಗಳು ಆಪರೇಷನ್ನಿಗೆ ಮೊದಲೇ ಹಠ ಹಿಡಿಯುವುದು ಇದಕ್ಕೇ. ಹೊಗೆ ಮೂಳೆಯ ಬೆಸುಗೆಯನ್ನು ತಡೆಯುತ್ತದೆ.

ಯಾವ ಅಳತೆಯ ಕೇಜನ್ನು ಪರೀಕ್ಷಿಸಬೇಕೆಂಬುದು ಇನ್ನೊಂದು ಕಗ್ಗಂಟು. ಒಂದೇ ವಿನ್ಯಾಸದಲ್ಲಿ ಎತ್ತರ, ಉದ್ದ, ಓರೆ ಬೇರೆಬೇರೆಯಾಗಿ ಹತ್ತಾರು ಅಳತೆಗಳಿರುತ್ತವೆ. ಎಲ್ಲವನ್ನೂ ಪರೀಕ್ಷಿಸಲಾಗದು. ಕಂಪ್ಯೂಟರಿನಲ್ಲಿ ಮಾದರಿ ಮಾಡಿ, ಆ ಕುಟುಂಬದಲ್ಲಿ ಅತಿ ಬಡಕಲು ಯಾರೆಂದು ಹುಡುಕಿ, ಅವನನ್ನು ಯಂತ್ರಕ್ಕೆ ಕೊಡುತ್ತಾರೆ. ಬಡಕಲು ಬದುಕಿದರೆ ಉಳಿದವರೂ ಬದುಕಿದಂತೆ. ಇಲ್ಲೇ ಎಡವುವುದು ಸುಲಭ. ಕಂಪ್ಯೂಟರಿನ ಜಾಲರಿ ನುಣುಪು. ಮುದ್ರಿಸಿದ ಜಾಲರಿಯಲ್ಲಿ ಕಿಂಡಿಯ ಚಾವಣಿಯ ಭಾಗ ಸಡಿಲ ಪುಡಿಯ ಮೇಲೆ ಕರಗಿದ್ದರಿಂದ ಸ್ವಲ್ಪ ಜೋತುಬಿದ್ದಿರುತ್ತದೆ, ಮೈಮೇಲೆ ಅರೆಕರಗಿದ ಕಣಗಳು ಅಂಟಿರುತ್ತವೆ, ಒಂದೊಂದು ಕಣದ ಬುಡವೂ ಬಿರುಕು ಹುಟ್ಟಬಹುದಾದ ಜಾಗ. ಮೂಳೆಯ ಜೀವಕೋಶಕ್ಕೆ ತರಿಯೇ ಇಷ್ಟ, ದಣಿವಿನ ಲೆಕ್ಕಕ್ಕೆ ನುಣುಪೇ ಇಷ್ಟ. ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದು ವಿನ್ಯಾಸಕಾರನ ನಿಜವಾದ ಕಸುಬು. ಅದಕ್ಕೇ ಪರೀಕ್ಷೆಗೆ ಇಡುವುದು ಅದೇ ಯಂತ್ರದಲ್ಲಿ, ಅದೇ ದಿಕ್ಕಿನಲ್ಲಿ ಮುದ್ರಿಸಿ, ಅದೇ ರೀತಿ ತೊಳೆದು ಹದ ಮಾಡಿದ ಮಾದರಿಯೇ ಆಗಬೇಕು. ಮುಂದೆ ಪ್ರತಿ ಸಲ ಮುದ್ರಿಸುವಾಗಲೂ ತಟ್ಟೆಯ ಮೂಲೆಯಲ್ಲಿ ಕೆಲವು ಸಾಕ್ಷಿ ಕಡ್ಡಿಗಳನ್ನು ಜೊತೆಗೇ ಮುದ್ರಿಸಿ, ಆಮೇಲೆ ಎಳೆದು ಮುರಿದು ನೋಡುತ್ತಾರೆ. ಅನ್ನದ ಹದಕ್ಕೆ ಒಂದು ಅಗುಳು.

ಕೇಜ್ ಮುರಿಯುವುದಕ್ಕಿಂತ ಹೆಚ್ಚು ಕಾಡುವ ತೊಂದರೆ ಕೇಜ್ ಹೂತುಕೊಳ್ಳುವುದು. ಎಫ್2267 ಎಂಬ ಪರೀಕ್ಷೆ ಇದಕ್ಕಾಗಿಯೇ ಇದೆ. ಮೂಳೆಯ ಹಾಗೆ ಮೆದುವಾದ ಪಾಲಿಯುರೆಥೇನ್ ನೊರೆಯ ದಿಮ್ಮಿಗಳ ನಡುವೆ ಕೇಜನ್ನಿಟ್ಟು ಒತ್ತಿ, ಎಷ್ಟು ಬಲಕ್ಕೆ ಎಷ್ಟು ಒಳಗಿಳಿಯಿತು ಎಂದು ಅಳೆಯುತ್ತಾರೆ. ಸತ್ತವರ ಮೂಳೆಯಲ್ಲೇ ಮಾಡಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಮಾಡುವುದೂ ಉಂಟು. ಆದರೆ ಒಬ್ಬೊಬ್ಬರ ಮೂಳೆ ಒಂದೊಂದು ತರಹ, ಇಂದಿನ ಫಲಿತಾಂಶವನ್ನು ನಾಳಿನದರ ಜೊತೆ ಹೋಲಿಸಲಾಗದು. ನೊರೆ ಯಾವಾಗಲೂ ಒಂದೇ ಸಮ. ಇನ್ನು ಕೇಜನ್ನು ಒಳಗೆ ಕೂರಿಸುವಾಗ ವೈದ್ಯರು ಸುತ್ತಿಗೆಯಿಂದ ಬಡಿದೇ ಕೂರಿಸುತ್ತಾರೆ. ಆ ಪೆಟ್ಟಿಗೆ ಅಂಚು ಒಡೆಯಬಾರದು, ಜಾಲರಿಯಿಂದ ಚೂರು ಉದುರಬಾರದು, ಕೂತ ಮೇಲೆ ಹಿಂದಕ್ಕೆ ಜಾರಿ ಬರಬಾರದು. ಇವೆಲ್ಲಕ್ಕೂ ಬೇರೆಬೇರೆ ಪರೀಕ್ಷೆ. ಜೀವಕೋಶಗಳಿಗೆ ವಿಷವಾಗದು ಎಂಬುದಕ್ಕೆ ಐಎಸ್‌ಒ 10993 ಎಂಬ ಮಾನದಂಡ. ಮೂಳೆ ಒಳಗೆ ಬೆಳೆಯುತ್ತದೆ ಎಂಬುದಕ್ಕೆ ಬಹಳ ಸಲ ಕುರಿಗಳಲ್ಲಿ ಪ್ರಯೋಗ.

ಇಷ್ಟೆಲ್ಲ ಸಾಧ್ಯವಾಗುವುದು ಸಾವಿರಾರು ಒಂದೇ ಬಗೆಯ ಕೇಜ್‌ಗಳನ್ನು ಮಾಡುವಾಗ. ಒಬ್ಬರೇ ರೋಗಿಗೆಂದು ಒಂದೇ ಒಂದು ಮಾಡಿದಾಗ? 2014ರಲ್ಲಿ ಬೀಜಿಂಗ್‌ನ ಪೀಕಿಂಗ್ ವಿಶ್ವವಿದ್ಯಾಲಯದ ಮೂರನೇ ಆಸ್ಪತ್ರೆಯಲ್ಲಿ ಲಿಯು ಜೋಂಗ್‌ಜುನ್ ಅವರ ತಂಡ ಮೂಳೆ ಕ್ಯಾನ್ಸರಿದ್ದ 12 ವರ್ಷದ ಹುಡುಗನ ಕತ್ತಿನ ಎರಡನೇ ಮಣಿಯನ್ನು ತೆಗೆದು, ಅವನ ಅಳತೆಗೇ ಮುದ್ರಿಸಿದ ಟೈಟಾನಿಯಂ ಮಣಿಯನ್ನು ಕೂರಿಸಿತು. ತಲೆ ಎಡಬಲಕ್ಕೆ ತಿರುಗುವುದೇ ಆ ಮಣಿಯ ಆಧಾರದಲ್ಲಿ. ಅಲ್ಲಿಗೆ ಹೊಂದುವ ಸಿದ್ಧ ಅಳತೆಯ ತುಂಡು ಎಲ್ಲೂ ಸಿಗುವುದಿಲ್ಲ. 2017ರಲ್ಲಿ ಗುರುಗ್ರಾಮದ ಮೇದಾಂತ ಆಸ್ಪತ್ರೆಯ ವೈದ್ಯರು ಬೆನ್ನುಮೂಳೆಯ ಕ್ಷಯದಿಂದ ಕತ್ತಿನ ಮಣಿಗಳು ಕರಗಿದ್ದ ಯುವತಿಗೆ ಹೀಗೇ ಮುದ್ರಿತ ಟೈಟಾನಿಯಂ ಅಳವಡಿಸಿದರು. ಕ್ಷಯ ಇನ್ನೂ ಬೆನ್ನನ್ನು ತಿನ್ನುತ್ತಿರುವ ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಇಂಥ ಏಕೈಕ ತುಂಡನ್ನು 50 ಲಕ್ಷ ಸಲ ಒತ್ತಿ ನೋಡಲಾಗದು, ನೋಡಿದರೆ ರೋಗಿಗೆ ಹಾಕಲು ಉಳಿಯುವುದಿಲ್ಲ. ಸ್ಕ್ಯಾನ್ ಆಧಾರದ ಕಂಪ್ಯೂಟರ್ ಲೆಕ್ಕ, ಜೊತೆಗೇ ಮುದ್ರಿಸಿದ ಅವಳಿ ತುಂಡಿನ ಪರೀಕ್ಷೆ, ಸಿ.ಟಿ. ತಪಾಸಣೆ, ಇಷ್ಟರ ಮೇಲೆ ನಂಬಿಕೆ ಇಡಬೇಕು. ಅಮೆರಿಕದ ಕಾನೂನು ಇಂಥ ಏಕೈಕ ತುಂಡುಗಳಿಗೆ ಕೊಡುವ ವಿನಾಯಿತಿಯಡಿ ಒಂದು ಬಗೆಯ ಸಾಧನವನ್ನು ವರ್ಷಕ್ಕೆ ಐದಕ್ಕಿಂತ ಹೆಚ್ಚು ಮಾಡಲು ಬಿಡುವುದಿಲ್ಲ. ನಮ್ಮ 2017ರ ವೈದ್ಯಕೀಯ ಸಾಧನ ನಿಯಮಗಳೂ ನಿರ್ದಿಷ್ಟ ರೋಗಿಗೆಂದು, ನೋಂದಾಯಿತ ವೈದ್ಯರ ಲಿಖಿತ ಸೂಚನೆಯ ಮೇಲೆ ಮಾಡಿದ ಸಾಧನವನ್ನು ಬೇರೆಯಾಗಿಯೇ ಗುರುತಿಸುತ್ತವೆ. ಪತ್ರಿಕೆಗಳ ಮುಖಪುಟಕ್ಕೆ ಬರುವುದು ಈ ಏಕೈಕ ತುಂಡುಗಳೇ. ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಆಗಿರುವುದು ಪೆಟ್ಟಿಗೆಯಲ್ಲಿ ಸಾಲಾಗಿ ಬರುವ, ಹೆಸರಿಲ್ಲದ, ಪರೀಕ್ಷೆ ದಾಟಿದ ಕೇಜ್‌ಗಳಲ್ಲಿ. ಬೇರೆಯವರ ಬೆನ್ನಿಗೆ ಬೇಕಾಗುವುದು ಏನೆಂದು ಲಕ್ಷಾಂತರ ಒತ್ತಡಗಳಲ್ಲಿ ಮೊದಲೇ ಕಲಿತು ಬಂದವು ಅವು.

“3ಡಿ ಮುದ್ರಿತ” ಎಂಬ ಹೆಸರೇ ಒಂದು ಗುಣವಲ್ಲ ಎಂಬುದನ್ನೂ ಹೇಳಬೇಕು. ಕೆಟ್ಟದಾಗಿ ಮುದ್ರಿಸಿ, ಅವಸರದಲ್ಲಿ ತೊಳೆದ ಜಾಲರಿಗಿಂತ ಹಳೆಯ ಕ್ರಮದಲ್ಲಿ ಕಡೆದ ಗಟ್ಟಿ ಕೇಜ್ ಸಾವಿರ ಪಾಲು ಮೇಲು. ಎಲ್ಲ ಬೆನ್ನುನೋವಿಗೂ ಕೇಜ್ ಬೇಕಿಲ್ಲ, ಬಹುಪಾಲು ನೋವು ಆಪರೇಷನ್ ಇಲ್ಲದೆಯೇ ಇಳಿಯುತ್ತದೆ. ಬೇಕಾದವರಿಗೆ ಮಾತ್ರ ಅದು ವರ.

ಚಿಕ್ಕಮ್ಮನ ಆಪರೇಷನ್ ಚೆನ್ನಾಗಿ ಆಯಿತು. ವರ್ಷದ ಮೇಲೆ ತೆಗೆಸಿದ ಸ್ಕ್ಯಾನಿನಲ್ಲಿ ನಾಲ್ಕನೇ ಮಣಿಯಿಂದ ಐದನೇ ಮಣಿಗೆ ಮಸುಕು ಬಿಳಿ ಸೇತುವೆ ಕಾಣಿಸಿತು. ಆದರೆ ಆಕೆಯ ಬೆನ್ನಿನಲ್ಲಿರುವ ಕೇಜ್ ಯಾವ ಕಂಪನಿಯದು, ಯಾವ ಲಾಟ್‌ನದು ಎಂದು ತಿಳಿಯಲು ನಾನು ಆಸ್ಪತ್ರೆಗೆ ಎರಡು ಸಲ ಅಲೆಯಬೇಕಾಯಿತು. ಡಿಸ್ಚಾರ್ಜ್ ಸಾರಾಂಶದಲ್ಲಿ ಬರೆದದ್ದು ಕೇಜ್ ಮತ್ತು ಸ್ಕ್ರೂ ಎಂದಷ್ಟೇ. ಪೆಟ್ಟಿಗೆಯ ಮೇಲಿದ್ದ ಚೀಟಿ ಆಸ್ಪತ್ರೆಯ ಕಡತದಲ್ಲಿ ಅಂಟಿಕೊಂಡಿತ್ತು, ನಮ್ಮ ಕೈಗೆ ಯಾರೂ ಕೊಟ್ಟಿರಲಿಲ್ಲ. ಮುಂದೆ ಎಂದಾದರೂ ಆ ಲಾಟಿನ ಕೇಜ್‌ಗಳಲ್ಲಿ ದೋಷವಿದೆ ಎಂದು ತಯಾರಕರೇ ಹಿಂದಕ್ಕೆ ಕರೆದರೆ, ಅದು ತನ್ನ ಬೆನ್ನಿನಲ್ಲಿರುವುದೇ ಎಂದು ತಿಳಿಯಲು ಆಕೆಗಿರುವ ಆಧಾರ ಆ ಚೀಟಿ. ಪುಡಿಯ ಡಬ್ಬಿಯಿಂದ ಸಾಕ್ಷಿ ಕಡ್ಡಿಯವರೆಗೆ ಇಷ್ಟೊಂದು ಜನ ಇಷ್ಟೊಂದು ಜೋಪಾನವಾಗಿ ಬರೆದಿಟ್ಟ ದಾಖಲೆಯ ಕೊನೆಯ ಕೊಂಡಿಯೂ ಅದೇ. ಸಾಧನಗಳಿಂದಾದ ತೊಂದರೆಗಳನ್ನು ದಾಖಲಿಸಲು 2015ರಿಂದ ನಮ್ಮ ದೇಶದಲ್ಲಿ ಮೆಟೀರಿಯೋವಿಜಿಲೆನ್ಸ್ ಎಂಬ ಕಾರ್ಯಕ್ರಮ ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಮೂಲಕ ನಡೆಯುತ್ತಿದೆ. ಅಲ್ಲಿ ದೂರು ಕೊಡಲೂ ಆ ಚೀಟಿಯ ವಿವರ ಬೇಕು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಮೊಣಕಾಲು, ಸೊಂಟ, ಬೆನ್ನು, ಹೃದಯ ಎಲ್ಲೇ ಆಗಲಿ ಇಂಪ್ಲಾಂಟ್ ಹಾಕಿದ್ದರೆ, ಮನೆಗೆ ಬರುವ ಮೊದಲೇ ಅದರ ಪೆಟ್ಟಿಗೆಯ ಚೀಟಿಯ ಪ್ರತಿ ಕೇಳಿ ಪಡೆಯಿರಿ. ರೇಷನ್ ಕಾರ್ಡು, ಆಧಾರ್ ಇಡುವ ಜಾಗದಲ್ಲೇ ಇಡಿ. ಚಿಕ್ಕಮ್ಮನ ಚೀಟಿ ಈಗ ಅವರ ಬೀರುವಿನಲ್ಲಿ, ಮನೆ ಪತ್ರಗಳ ಜೊತೆ ಇದೆ.